ನಿಂತ ಕಾರಿನ ಓಡುವ ಗಾಲಿ

ಕ್ಲಚ್ ಪೆಡಲ್ ಇಲ್ಲದ ಕಾರು ನಿಂತ ನೆಲೆಯಿಂದ ಹಿಂಗಾಲಿಗಳನ್ನು ಗಿರ್ರನೆ ತಿರುಗಿಸಲಾರದು ಎಂಬ ನಂಬಿಕೆ ಕಾರುಪ್ರಿಯರಲ್ಲಿ ಬಹುಕಾಲದಿಂದ ಇದೆಯಾದರೂ, ಅಮೆರಿಕದ ಮಸಲ್ ಕಾರುಗಳ ಇತಿಹಾಸ ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಮಧ್ಯಮ ಗಾತ್ರದ ಸಾಧಾರಣ ಒಡಲಿಗೆ ದೊಡ್ಡ ವಿ-8 ಎಂಜಿನ್ ಕೂರಿಸಿ, ಅದರ ಬಲವನ್ನು ಹಿಂಗಾಲಿಗಳಿಗೆ ಮಾತ್ರ ಕೊಡುವ ಕಾರಿಗೆ ಈ ಹೆಸರು. 1964ರ ಪಾಂಟಿಯಾಕ್ ಜಿಟಿಒ ಈ ಕುಲದ ಮೂಲಪುರುಷನೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಇಂಥ ಕಾರಿನ ಆಟೊಮ್ಯಾಟಿಕ್ ರೂಪದಲ್ಲಿ ಗಾಲಿ ಜಾರಿ ತಿರುಗುವುದಕ್ಕೆ ಎಂಜಿನ್ನಿನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿ, ಕಾರಣವಾಗುವುದು ಗಿಯರ್ ಪೆಟ್ಟಿಗೆಯ ಮುಂದೆ ಕುಳಿತ ಎಣ್ಣೆ ತುಂಬಿದ ಒಂದು ಉರುಟು ಡಬ್ಬಿ.

ಆ ಡಬ್ಬಿಯೇ ಟಾರ್ಕ್ ಕನ್ವರ್ಟರ್. ಗಡಿಗೆಯಲ್ಲಿ ಕಡಗೋಲು ತಿರುಗಿದಾಗ ಮಜ್ಜಿಗೆಯೂ ಸುಳಿದು, ಹಿಡಿದುಕೊಳ್ಳದಿದ್ದರೆ ಗಡಿಗೆಯನ್ನೂ ತನ್ನೊಡನೆ ತಿರುಗಿಸಲು ನೋಡುತ್ತದೆಯಷ್ಟೆ. ಅದೇ ರೀತಿ ಎಂಜಿನ್ನಿಗೆ ಕೂಡಿಕೊಂಡ ಇಂಪೆಲ್ಲರ್ ಎಂಬ ರೆಕ್ಕೆಚಕ್ರ ಎಣ್ಣೆಯನ್ನು ಎರಚಿ, ಎದುರಿಗಿರುವ ಟರ್ಬೈನ್ ಎಂಬ ಇನ್ನೊಂದು ರೆಕ್ಕೆಚಕ್ರವನ್ನು ತಿರುಗಿಸುತ್ತದೆ. ಇವೆರಡರ ನಡುವಿನ ಸ್ಟೇಟರ್ ಎಂಬ ಮೂರನೆಯ ಚಕ್ರ ಮರಳಿ ಬರುವ ಎಣ್ಣೆಯ ದಿಕ್ಕು ತಿದ್ದುವುದರಿಂದ, ಟರ್ಬೈನ್ ಇನ್ನೂ ನಿಂತೇ ಇರುವ ಗಳಿಗೆಯಲ್ಲಿ ಎಂಜಿನ್ನಿನ ತಿರುಗುಬಲ, ಅಂದರೆ ಟಾರ್ಕ್, ಹೆಚ್ಚುಕಡಿಮೆ ಇಮ್ಮಡಿಯಾಗಿ ಮುಂದೆ ಸಾಗುತ್ತದೆ. ಕಾರು ವೇಗ ಪಡೆದಂತೆ ಈ ಕೊಡುಗೆ ಕರಗಿಹೋಗುತ್ತದೆ. ಹೀಗೆ ಆಟೊಮ್ಯಾಟಿಕ್ ಕಾರು ತನ್ನ ಅತಿಹೆಚ್ಚಿನ ಬಲವನ್ನು ತೋರುವುದು ನಿಂತ ನೆಲೆಯಲ್ಲೇ.

ಲೆಕ್ಕಕ್ಕೆ 1970ರ ಬ್ಯೂಕ್ ಜಿಎಸ್ 455 ಕಾರಿನ ಸ್ಟೇಜ್ 1 ಮಾದರಿಯನ್ನು ತೆಗೆದುಕೊಳ್ಳಬಹುದು. ಅದರ ಎಂಜಿನ್ ನಿಮಿಷಕ್ಕೆ 2,800 ಸುತ್ತುಗಳಷ್ಟು ಕಡಿಮೆ ವೇಗದಲ್ಲೇ 510 ಪೌಂಡ್-ಅಡಿ, ಎಂದರೆ ಸುಮಾರು 690 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆಂದು ಕಂಪನಿ ಹೇಳಿತ್ತು. ಆ ಕಾಲದ ಅಂಕಿಗಳು ಎಂಜಿನ್ನನ್ನು ಕಾರಿನ ಹೊರಗಿಟ್ಟು ಅಳೆದವುಗಳಾದ್ದರಿಂದ ಒಂದಿಷ್ಟು ಕಳೆದುಕೊಂಡೇ ಓದಬೇಕು. ಟರ್ಬೊ-ಹೈಡ್ರಮ್ಯಾಟಿಕ್ 400 ಗಿಯರ್ ಪೆಟ್ಟಿಗೆಯ ಮೊದಲ ಗಿಯರು ಈ ಬಲವನ್ನು 2.48 ಪಟ್ಟು, ಹಿಂದಿನ ಅಚ್ಚಿನ ಹಲ್ಲುಚಕ್ರಗಳು ಮತ್ತೆ 3.64 ಪಟ್ಟು ಹಿಗ್ಗಿಸುವುದರಿಂದ, ಕನ್ವರ್ಟರಿನ ಇಮ್ಮಡಿಯನ್ನು ಬಿಟ್ಟರೂ ಒಟ್ಟು ಒಂಬತ್ತು ಪಟ್ಟಾಗುತ್ತದೆ. ಇತ್ತ ಹಿಂಗಾಲಿಗಳ ಮೇಲೆ ಕೂತಿರುವ ಭಾರ ಸುಮಾರು 800 ಕಿಲೊ ಮಾತ್ರ. ಅಂದಿನ ಟೈರು ನೆಲವನ್ನು ಹಿಡಿದುಕೊಳ್ಳಬಲ್ಲ ಬಲ ಅದಕ್ಕಿಂತ ಹೆಚ್ಚಾಗಿರಲು ಸಾಧ್ಯವೇ ಇರಲಿಲ್ಲ, ಆದರೆ ಗಾಲಿಯ ಅಂಚಿಗೆ ಬಂದು ಮುಟ್ಟುವ ಬಲ ಅದರ ಎರಡು ಮೂರು ಪಟ್ಟು. ಇಂಥ ಕಾರಿನಲ್ಲಿ ಗಾಲಿ ಜಾರದಂತೆ ಹೊರಡುವುದೇ ಕಷ್ಟದ ಕೆಲಸ.

ಆದರೂ ಹಲವು ಕಾರುಗಳು ಪೆಡಲ್ ತುಳಿದಾಗ ಮೂಗನ್ನೆತ್ತಿ ಸುಮ್ಮನೆ ಹೊರಟುಬಿಡುತ್ತವೆ, ಏಕೆಂದರೆ ಎಂಜಿನ್ ಬಲದ ತುದಿ ಮುಟ್ಟುವಷ್ಟರಲ್ಲಿ ಕಾರು ಉರುಳಲಾರಂಭಿಸಿರುತ್ತದೆ. ಎಡಗಾಲಿನಲ್ಲಿ ಬ್ರೇಕನ್ನು ಒತ್ತಿಹಿಡಿದು ಬಲಗಾಲಿನಲ್ಲಿ ಎಂಜಿನ್ನನ್ನು ಏರಿಸುವ ಹಳೆಯ ಉಪಾಯ ಇದಕ್ಕಾಗಿಯೇ ಹುಟ್ಟಿತು. ಟರ್ಬೈನ್ ಕಟ್ಟಿಹಾಕಿದ ಸ್ಥಿತಿಯಲ್ಲಿ ಎಂಜಿನ್ ಎಷ್ಟು ಸುತ್ತಿನವರೆಗೆ ಏರಬಲ್ಲದೋ ಆ ಮಿತಿಯನ್ನು ಸ್ಟಾಲ್ ವೇಗ ಎನ್ನುತ್ತಾರೆ. ಕಾರ್ಖಾನೆಯ ಕನ್ವರ್ಟರುಗಳಲ್ಲಿ ಇದು ಸುಮಾರು 2,000 ಸುತ್ತುಗಳ ಆಸುಪಾಸಿನಲ್ಲಿದ್ದು, ಪಂದ್ಯಪ್ರಿಯರು 3,000ಕ್ಕೂ ಮಿಕ್ಕಿದ ಸ್ಟಾಲಿನ ಕನ್ವರ್ಟರುಗಳನ್ನು ಕೊಂಡು ಹಾಕಿಸುತ್ತಾರೆ. ಕುದುರೆಶಕ್ತಿ ಕೊಳ್ಳುವುದಕ್ಕೆ ಮೊದಲು ಎಂಜಿನ್ನಿಗೆ ಒಪ್ಪುವ ಕನ್ವರ್ಟರ್ ಕೊಳ್ಳುವುದು ಜಾಣತನ.

ಈ ಉಪಾಯದ ಸೂಕ್ಷ್ಮವಿರುವುದು ಎಡಗಾಲಿನಲ್ಲಿ. ಬ್ರೇಕ್ ಪೆಡಲು ನಾಲ್ಕೂ ಗಾಲಿಗಳನ್ನು ಹಿಡಿಯುತ್ತದೆಯಾದರೂ ಮುಂದಿನವುಗಳ ಹಿಡಿತವೇ ಬಲವಾದುದರಿಂದ, ಪೆಡಲನ್ನು ಕೂದಲೆಳೆಯಷ್ಟು ಸಡಿಲಿಸುತ್ತಾ ಬಂದರೆ ಒಂದು ಹಂತದಲ್ಲಿ ಹಿಂದಿನ ಬ್ರೇಕು ಸೋತು ಮುಂದಿನದು ಮಾತ್ರ ನಿಲ್ಲುತ್ತದೆ, ಕಾರು ಕದಲದೆ ಹಿಂಗಾಲಿ ತಿರುಗತೊಡಗುತ್ತದೆ. ಆ ಹಂತವನ್ನು ಪಾದ ಹುಡುಕಿಕೊಳ್ಳಬೇಕೇ ಹೊರತು ಕಣ್ಣು ಕಾಣಲಾರದು. ತಡಮಾಡಿದರೆ ದಂಡ ತೆರಬೇಕಾದುದು ಎಣ್ಣೆ: ಗಾಲಿ ನಿಂತೇ ಇದ್ದಾಗ ಎಂಜಿನ್ನಿನ ಇಡೀ ಶಕ್ತಿ ಕನ್ವರ್ಟರಿನೊಳಗೆ ಶಾಖವಾಗುತ್ತದೆ, ಅದೂ ಐವತ್ತು ಸ್ನಾನದ ಗೀಸರುಗಳನ್ನು ಒಟ್ಟಿಗೆ ಹೊತ್ತಿಸಿದಷ್ಟು. ಗ್ಯಾರೇಜುಗಳಲ್ಲಿ ಸ್ಟಾಲ್ ಪರೀಕ್ಷೆಯನ್ನು ಐದು ಸೆಕೆಂಡಿಗಿಂತ ಹೆಚ್ಚು ನಡೆಸಬಾರದೆಂಬ ಕಟ್ಟಳೆ ಇರುವುದು ಇದರಿಂದಲೇ. ಇನ್ನು ಎರಡೂ ಹಿಂಗಾಲಿಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಸಾದಾ ಬಗೆಯದಾಗಿದ್ದರೆ, ಕೆಸರಿನಲ್ಲಿ ಹೂತ ಲಾರಿಯಂತೆ ಒಂದೇ ಗಾಲಿ ಸುತ್ತುತ್ತದೆ. ಷೆವರ್ಲೆ ಪಾಸಿಟ್ರ್ಯಾಕ್ಷನ್ ಎಂದೂ ಪಾಂಟಿಯಾಕ್ ಸೇಫ್-ಟಿ-ಟ್ರ್ಯಾಕ್ ಎಂದೂ ಮಾರಿದ ಬಿಗಿ ಡಿಫರೆನ್ಷಿಯಲ್ಲುಗಳು ಈ ಅವಮಾನವನ್ನು ತಪ್ಪಿಸಿದವು.

ಮುಂದಿನ ಬ್ರೇಕನ್ನಷ್ಟೇ ಒಂದು ಗುಂಡಿಯಿಂದ ಕಟ್ಟಿಹಾಕುವ ಲೈನ್ ಲಾಕ್ ಎಂಬ ವಿದ್ಯುತ್ ಕವಾಟ ಬಂದ ಮೇಲೆ ಎಡಗಾಲಿನ ವಿದ್ಯೆ ಬಹುಪಾಲು ಬೇಡವಾಯಿತು, ಮತ್ತು 2015ರ ಮಸ್ಟಾಂಗ್ ಜಿಟಿಯಲ್ಲಿ ಫೋರ್ಡ್ ಕಂಪನಿಯೇ ಅದನ್ನು, ಪಂದ್ಯದ ಅಂಗಳಕ್ಕೆ ಮಾತ್ರ ಎಂಬ ಎಚ್ಚರಿಕೆಯೊಂದಿಗೆ, ಅಳವಡಿಸಿಕೊಟ್ಟಿತು. ಎಚ್ಚರಿಕೆ ಬರಿಯ ಶಿಷ್ಟಾಚಾರವಲ್ಲ. ಸಾರ್ವಜನಿಕ ರಸ್ತೆಯಲ್ಲಿ ವೇಗ ಪ್ರದರ್ಶನ ಮಾಡುವುದನ್ನು ಕ್ಯಾಲಿಫೋರ್ನಿಯದ ವಾಹನ ಕಾನೂನು ಅಪರಾಧವೆಂದೇ ಹೆಸರಿಸಿದೆ, ಮತ್ತು ಅದು ಸರಿಯಾಗಿಯೇ ಇದೆ.

ಕಾಲು ಮೈಲಿಯ ಡ್ರ್ಯಾಗ್ ಪಂದ್ಯದಲ್ಲಿ ಹೊಗೆಯೆಬ್ಬಿಸುವುದು ಪೂರ್ವರಂಗ ಮಾತ್ರ: ಮಿದುವಾದ ಪಂದ್ಯದ ಟೈರು ಬಿಸಿಯಾಗಿ ಅಂಟುಗುಣ ಪಡೆಯಲೆಂದು ಅದನ್ನು ನೀರು ಚೆಲ್ಲಿದ ಜಾಗದಲ್ಲಿ ತಿರುಗಿಸುತ್ತಾರೆ. ಸಾಮಾನ್ಯ ರಸ್ತೆಯ ಟೈರಿಗೆ ಧೂಳು ಕೊಡವುವಷ್ಟು ತಿರುಗಿದರೆ ಸಾಕು. ದೀಪ ಹಸಿರಾದ ಮೇಲೆ ಬೇಕಾದುದು ಜಾರುವಿಕೆಯಲ್ಲ, ಹಿಡಿತ. ಟೈರು ನೆಲವನ್ನು ಅತ್ಯಂತ ಗಟ್ಟಿಯಾಗಿ ಹಿಡಿಯುವುದು ಕಾರಿನ ವೇಗಕ್ಕಿಂತ ಗಾಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಮುಂದಿದ್ದಾಗ. ಅದನ್ನು ಮೀರಿದ ಸುತ್ತು ನೋಡುವವರಿಗೆ ಹಬ್ಬ, ಓಡಿಸುವವನಿಗೆ ನಷ್ಟ.

2018ರ ಡಾಡ್ಜ್ ಚಾಲೆಂಜರ್ ಎಸ್‌ಆರ್‌ಟಿ ಡೀಮನ್ ಈ ಇಡೀ ಸಮಸ್ಯೆಯನ್ನು ಯಂತ್ರಕ್ಕೇ ವಹಿಸಿಕೊಟ್ಟಿತು. ಬ್ರೇಕಿನ ಬದಲು ಗಿಯರ್ ಪೆಟ್ಟಿಗೆಯ ಹೊರದಂಡವನ್ನೇ ಒಳಗಿನಿಂದ ಬಂಧಿಸುವ ಟ್ರಾನ್ಸ್‌ಬ್ರೇಕನ್ನು ಕಾರ್ಖಾನೆಯಿಂದಲೇ ಪಡೆದು ಬಂದ ಆ 840 ಕುದುರೆಶಕ್ತಿಯ ಕಾರು, ಮುಂಗಾಲಿಗಳನ್ನೆತ್ತಿ 9.65 ಸೆಕೆಂಡುಗಳಲ್ಲಿ ಕಾಲು ಮೈಲಿ ಮುಗಿಸಿತೆಂದು ಕಂಪನಿ ಪ್ರಕಟಿಸಿತು. ಅದರ ಸಾಧನೆ ನಿರ್ವಿವಾದ. ಆದರೆ ಅಲ್ಲಿ ಚಾಲಕನ ಪಾಲಿಗೆ ಉಳಿಯುವುದು ಸ್ಟಿಯರಿಂಗಿನ ಹಿಂದಿನ ಒಂದು ಸನ್ನೆಕೋಲನ್ನು ಬಿಡುವ ಕೆಲಸ. ಎಡಪಾದ ಸಡಿಲಿಸಿ, ಬಲಪಾದವನ್ನು ಅರ್ಧಕ್ಕೆ ತಡೆದು, ಟೈರಿನ ಕೀರಲು ಸದ್ದು ಇಳಿದಂತೆಲ್ಲ ಇನ್ನಷ್ಟು ತುಳಿಯಬೇಕಾದ 1970ರ ಬ್ಯೂಕೇ ಈ ಕಲೆಯ ಮಟ್ಟಿಗೆ ಮೇಲು.