ಅಲ್ಪಕಾಲಿಕ ಸಂಪರ್ಕದ ಗ್ರಾಹಕನೂ ಅಂಚೆಯ ನಿಯಮಗಳೂ

ಅಂತರ್ಜಾಲದ ಚರಿತ್ರೆಯನ್ನು ಬರೆಯುವವರು ಸದಾ ತೆರೆದಿರುವ ಸಂಪರ್ಕವನ್ನೇ ಪ್ರಮಾಣವೆಂದು ಭಾವಿಸಿ ಹೊರಡುವುದುಂಟು. ದೂರವಾಣಿಯ ಮೂಲಕ ದಿನಕ್ಕೆ ಒಂದೆರಡು ಗಳಿಗೆ ಮಾತ್ರ ಜಾಲವನ್ನು ಸೇರುತ್ತಿದ್ದ ಸಣ್ಣ ಕಚೇರಿಯ ಪಾಡು ಅವರ ಕಣ್ಣಿಗೆ ಬೀಳುವುದಿಲ್ಲ. ಆ ಕಚೇರಿಗೆ ಬಂದ ಓಲೆಗಳನ್ನು ಸೇವಾದಾತನ ಯಂತ್ರವು ತಡೆದಿಟ್ಟುಕೊಳ್ಳಬೇಕಾಗಿತ್ತು; ಬಂದು ಕೇಳಿದವನಿಗೆ ಅವನ್ನು ಒಪ್ಪಿಸುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರವಿತ್ತ ಮೂರು ನಿಯಮಪತ್ರಗಳನ್ನು ಇಲ್ಲಿ ಪರಿಶೀಲಿಸಿದೆ.

1982ರಲ್ಲಿ ಜೊನಾಥನ್ ಪೋಸ್ಟೆಲ್ ರಚಿಸಿದ ಆರ್‌ಎಫ್‌ಸಿ 821ರಲ್ಲಿ 'ಟರ್ನ್' ಎಂಬ ಆಜ್ಞೆಯಿದೆ. ಕರೆ ಮಾಡಿದ ಯಂತ್ರವು ತನ್ನ ಓಲೆಗಳನ್ನು ಕೊಟ್ಟು ಮುಗಿಸಿ, ಅದೇ ಕರೆಯಲ್ಲಿ ಪಾತ್ರ ಬದಲಿಸಿ, ತನಗೆ ಬರಬೇಕಾದವನ್ನು ಪಡೆಯಬಹುದಾಗಿತ್ತು. ಕರೆಯ ವೆಚ್ಚವು ದುಬಾರಿಯಾದಲ್ಲಿ ಇದು ಉಪಯುಕ್ತವೆಂದು ಪತ್ರವೇ ಹೇಳುತ್ತದೆ. ಆದರೆ ಬಂದವನು ಹೇಳಿಕೊಂಡ ಹೆಸರನ್ನೇ ನಂಬಬೇಕಾದ್ದರಿಂದ ಒಬ್ಬನ ಓಲೆ ಇನ್ನೊಬ್ಬನ ಪಾಲಾಗುವ ಭಯವಿತ್ತು. (ಪಾತ್ರ ಬದಲಿಸಲು ಒಪ್ಪದಿರುವ ಸ್ವಾತಂತ್ರ್ಯ ಎದುರಿನ ಯಂತ್ರಕ್ಕಿತ್ತೆಂಬುದನ್ನೂ ಮರೆಯಬಾರದು.)

1996ರ ಆರ್‌ಎಫ್‌ಸಿ 1985 ಈ ದೋಷವನ್ನು ಪರಿಹರಿಸಲು 'ಇಟಿಆರ್‌ಎನ್' ಆಜ್ಞೆಯನ್ನು ತಂದಿತು. ಗ್ರಾಹಕನು ಕೇಳಬಹುದಷ್ಟೆ, ಓಲೆಗಳನ್ನು ಮಾತ್ರ ಸೇವಾದಾತನ ಯಂತ್ರವು ಗ್ರಾಹಕನ ದಾಖಲಾದ ವಿಳಾಸಕ್ಕೆ ಬೇರೊಂದು ಸಂಪರ್ಕ ತೆರೆದು ಸಾಗಿಸುವುದು. ಕಳವಿನ ಭಯವೇನೋ ಬಹುಮಟ್ಟಿಗೆ ನೀಗಿತು. ನನ್ನ ಮುಖ್ಯ ಆಕ್ಷೇಪಣೆಯಿರುವುದು ಇಲ್ಲಿಯೇ. ಸ್ಥಿರವಾದ ವಿಳಾಸವುಳ್ಳವನಿಗೆ ಈ ವ್ಯವಸ್ಥೆ ಸಲ್ಲುತ್ತದೆ. ಕಡಿಮೆ ಹಣ ತೆತ್ತು, ಪ್ರತಿ ಕರೆಗೂ ಹೊಸ ವಿಳಾಸ ಪಡೆಯುವವನಿಗೆ ಸಲ್ಲುವುದಿಲ್ಲ. ಯಾರ ಬಡತನದಿಂದ ಪ್ರಶ್ನೆ ಹುಟ್ಟಿತೋ ಅವನೇ ಉತ್ತರದಿಂದ ಹೊರಗುಳಿದನು. ಅಂಥವರು ಕಚೇರಿಯ ಎಲ್ಲರ ಓಲೆಗಳನ್ನೂ ಒಂದೇ ಪೆಟ್ಟಿಗೆಗೆ ತುಂಬಿಸಿ, 'ಪಾಪ್' ವಿಧಾನದಿಂದ ತಂದು, ಆಮೇಲೆ ಹಂಚಿಕೊಳ್ಳುವ ಉಪಾಯ ಹಿಡಿದರು. ಓಲೆಯ ಹೊರಲಕೋಟೆಯ ವಿಳಾಸವನ್ನು ಬೇರೆಯಾಗಿ ಉಳಿಸಿಕೊಳ್ಳದಿದ್ದರೆ ಗುಪ್ತಪ್ರತಿಯಾಗಿ ಬಂದ ಓಲೆ ಯಾರದೆಂದು ತಿಳಿಯುವಂತಿರಲಿಲ್ಲ.

1999ರ ಆರ್‌ಎಫ್‌ಸಿ 2645, ಬದಲಾಗುವ ವಿಳಾಸದವರಿಗೆ ಬಳಕೆಯಲ್ಲಿ ಪರಿಹಾರವಿಲ್ಲವೆಂದು ಮೊದಲಲ್ಲೇ ಒಪ್ಪಿಕೊಳ್ಳುತ್ತದೆ. ಅದು ಸೂಚಿಸಿದ 'ಎಟಿಆರ್‌ಎನ್' ಗ್ರಾಹಕನ ಗುರುತನ್ನು ದೃಢಪಡಿಸಿಕೊಂಡು, ಬಳಿಕ ಅದೇ ಸಂಪರ್ಕದಲ್ಲಿ ಪಾತ್ರ ಬದಲಿಸುತ್ತದೆ. ಇದು ಹದಿನೇಳು ವರ್ಷಗಳ ಹಿಂದಿನ ಪೋಸ್ಟೆಲ್‌ರ ಕಲ್ಪನೆಯೇ ಅಲ್ಲವೆ? 2001ರ ಆರ್‌ಎಫ್‌ಸಿ 2821 'ಟರ್ನ್' ಆಜ್ಞೆಯನ್ನು ಬಳಕೆಯಿಂದ ದೂರವಿಟ್ಟಿದ್ದನ್ನು ಕಂಡು, ಹಳೆಯವರ ಎಣಿಕೆಯೇ ತಪ್ಪೆಂದು ತೀರ್ಮಾನಿಸುವುದು ಆತುರದ ಓದು. ಅಲ್ಲಿ ಕೊರತೆಯಾಗಿದ್ದುದು ಗುರುತಿನ ಪರೀಕ್ಷೆಯೊಂದೇ. ಒಂದೇ ಕರೆಯಲ್ಲಿ ಕೊಟ್ಟು ಕೊಳ್ಳುವ ಮಿತವ್ಯಯದ ಆಲೋಚನೆಯು 'ಎಟಿಆರ್‌ಎನ್'ನಲ್ಲಿ ಹಾಗೆಯೇ ಉಳಿದಿದೆ.