ಸೀಗೆಪುಡಿಯ ಹುಳಿಗುಣ

ಬಿಸಿನೀರಲ್ಲಿ ಕಲಸಿದ ಸೀಗೆಪುಡಿಗೆ ಸೋಪಿನ ನೊರೆಯ ಠೀವಿ ಇಲ್ಲ. ಕಂದು ಬಣ್ಣ, ತರಿತರಿ. ಕಣ್ಣಿಗೆ ಬಿದ್ದರಂತೂ ಬಚ್ಚಲಿನಿಂದ ಬೊಬ್ಬೆ. ಆದರೂ ಎಣ್ಣೆಸ್ನಾನದ ದಿನ ಅದಕ್ಕೆ ಸಾಟಿಯಾದದ್ದು ನನಗೆ ಬೇರೆ ಕಂಡಿಲ್ಲ.

ಗುಟ್ಟಿರುವುದು ನಮ್ಮ ಚರ್ಮದಲ್ಲೇ. ಅದರ ಮೇಲ್ಪದರ ಸಹಜವಾಗಿಯೇ ತುಸು ಆಮ್ಲೀಯ, ಪಿಎಚ್ 5ರ ಆಸುಪಾಸು. 1928ರಲ್ಲಿ ಜರ್ಮನಿಯ ಸಂಶೋಧಕರಾದ ಶಾಡೆ ಮತ್ತು ಮಾರ್ಕಿಯೋನಿನಿ ಇದನ್ನು ‘ಆಮ್ಲದ ಹೊದಿಕೆ’ ಎಂದು ಕರೆದರು. ಬೆವರಿನ ಲ್ಯಾಕ್ಟಿಕ್ ಆಮ್ಲ, ಜಿಡ್ಡಿನಲ್ಲಿರುವ ಕೊಬ್ಬಿನಾಮ್ಲ ಎಲ್ಲ ಸೇರಿ ಆದದ್ದಿದು. ತೇವ ಹಿಡಿದಿಡುವ ಕೊಬ್ಬು ಚರ್ಮದಲ್ಲಿ ತಯಾರಾಗಲಿಕ್ಕೂ, ಕೇಡಿನ ಸೂಕ್ಷ್ಮಾಣುಗಳು ಬೀಡುಬಿಡದಿರಲಿಕ್ಕೂ ಈ ಹುಳಿ ಬೇಕು. ಕೊಬ್ಬಿಗೆ ಕ್ಷಾರ ಬೆರೆಸಿ ಮಾಡಿದ ಸೋಪಿನ ಪಿಎಚ್ಚೋ, 9ರಿಂದ 10; ಚರ್ಮದ ಹುಳಿಯನ್ನು ಅದು ಕೆಡಿಸುತ್ತದೆ. ತೊಳೆದ ಮೇಲೆ ಮುಖ ಬಿಗಿದರೆ ಚೊಕ್ಕಟವಾಯಿತೆಂದು ಹಿಗ್ಗುತ್ತೇವೆ! ಗಟ್ಟಿ ಚರ್ಮ ಕೆಲವು ಗಂಟೆಗಳಲ್ಲಿ ಸುಧಾರಿಸಿಕೊಳ್ಳುತ್ತದೆ. ಎಸ್ಜಿಮಾ ಇರುವವರು, ವಯಸ್ಸಾದವರು ಹೆಣಗಬೇಕು.

ಸೀಗೆಕಾಯಿಯ ಸ್ಯಾಪೊನಿನ್ ಎಂಬ ಅಂಶ ಎಣ್ಣೆಯ ಜಿಡ್ಡನ್ನು ಬಿಡಿಸುತ್ತದೆ. ಆದರೆ ಕಲಸಿದ ನೀರು ತಾನೂ ತುಸು ಆಮ್ಲೀಯವೇ. ಗಡಸು ನೀರಲ್ಲಿ ಸೋಪು ಒಡೆದು ಬಿಳಿ ಗಸಿಯಾಗುತ್ತದೆ. ಬೋರ್‌ವೆಲ್ ನೀರಿನ ಮನೆಗಳ ಬಕೆಟ್ಟಿನ ಅಂಚು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀಗೆಗೆ ಆ ತಾಪತ್ರಯವಿಲ್ಲ. ನುಣ್ಣಗೆ ಜರಡಿ ಹಿಡಿದ ಪುಡಿಯೇ ಇರಲಿ, ತರಿ ಉಜ್ಜಿದರೆ ಚರ್ಮ ಕೆರೆದಂತಾಗುತ್ತದೆ.

ಹುಳಿ ಒಳ್ಳೆಯದೆಂದು ಮುಖಕ್ಕೆ ನಿಂಬೆಹಣ್ಣು ಮಾತ್ರ ಹಿಂಡಿಕೊಳ್ಳಬೇಡಿ. ಅದರ ರಸದ ಪಿಎಚ್ ಸುಮಾರು 2, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾದೀತು.