ಹಗ್ಗವಿಲ್ಲದ ಪ್ರತಿಕೃತಿ

ನಮ್ಮ ವಿಭಾಗದ ಈ ವರ್ಷದ ಪ್ರದರ್ಶನಕ್ಕಾಗಿ ವಿದ್ಯಾರ್ಥಿಗಳು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿದ್ದ ಶಿರಚ್ಛೇದ ಯಂತ್ರದ ಮರದ ಪ್ರತಿಕೃತಿಯೊಂದನ್ನು ಮಾಡಿಸಿದ್ದರು. ಮೂಲದ ಮೂರನೆಯ ಒಂದು ಪಾಲಿನ ಅಳತೆ, ಅಚ್ಚುಕಟ್ಟಾದ ಕೆಲಸ. ನೋಡಲು ಬಂದವರು ಬೇರೆಲ್ಲವನ್ನೂ ಬಿಟ್ಟು ಅದರ ಮುಂದೆಯೇ ನೆರೆದರು. ಇತಿಹಾಸದ ಸಾಧನವಾಗಿ ಅದು ಎಷ್ಟರ ಮಟ್ಟಿಗೆ ಸಲ್ಲುತ್ತದೆಂಬುದನ್ನು ಇಲ್ಲಿ ವಿಮರ್ಶಿಸಬಯಸುತ್ತೇವೆ. ಅದಕ್ಕೆ ಒಪ್ಪಿಗೆಯಿತ್ತವರು ನಾವೇ ಆದುದರಿಂದ ಮುಂದಿನ ಆಕ್ಷೇಪಗಳಲ್ಲಿ ನಮ್ಮ ಪಾಲೂ ಉಂಟು.

ಅಳತೆಗಳಲ್ಲಿ ದೋಷವಿಲ್ಲ. ಮೂಲದಲ್ಲಿ 15 ಅಡಿ ಎತ್ತರದ ಎರಡು ಕಂಬಗಳು, ಅವುಗಳ ಮೇಲೊಂದು ಅಡ್ಡತೊಲೆ, ಕಂಬಗಳ ತೋಡುಗಳಲ್ಲಿ ಜಾರುವ 4 ಅಡಿ 6 ಅಂಗುಲದ ದಿಮ್ಮಿ, ದಿಮ್ಮಿಗೆ ಬಿಗಿದ 7 ಪೌಂಡು 12 ಔನ್ಸು ತೂಕದ ಕೊಡಲಿಯಲಗು, ಇಷ್ಟಿದ್ದವು. ಯಂತ್ರ ನಿಂತಿದ್ದ ಕಲ್ಲಿನ ಜಗಲಿ 1839ರಲ್ಲಿ ಮತ್ತೆ ಬೆಳಕಿಗೆ ಬಂದಿತು. ಅಲಗು ಉಳಿದುಬಂದಿದೆ, 1974ರಲ್ಲಿ ಆ ಸ್ಥಳದಲ್ಲಿಯೇ ನಿಲ್ಲಿಸಿದ ಪೂರ್ಣಪ್ರಮಾಣದ ಪ್ರತಿಕೃತಿಗೆ ಅದರ ಅಚ್ಚಿನಿಂದಲೇ ಹೊಸ ಅಲಗನ್ನು ಎರಕ ಹೊಯ್ದರು. ನ್ಯೂರೆಂಬರ್ಗಿನ 'ಉಕ್ಕಿನ ಕನ್ಯೆ'ಯಂತೆ, ಮಧ್ಯಯುಗದಲ್ಲಿ ಇದ್ದೇ ಇರದ ವಸ್ತುವಿನ ಪ್ರತಿಯನ್ನು ಮಾಡಿದ ಅಪವಾದ ನಮ್ಮ ವಿದ್ಯಾರ್ಥಿಗಳಿಗೆ ತಟ್ಟಲಾರದು.

ಆದರೆ ಪ್ರತಿಕೃತಿಯ ಮೇಲೆ ತೂಗಿಸಿದ್ದ ಫಲಕದಲ್ಲಿ 'ಮಧ್ಯಯುಗದ ಕ್ರೌರ್ಯ' ಎಂದು ಬರೆದಿದ್ದಿತು. ಈ ಯಂತ್ರದ ಪಟ್ಟಣದಲ್ಲಿ ಶಿರಚ್ಛೇದವಾದ ಮೊದಲ ದಾಖಲೆ 1286ರದು ನಿಜ. ಆದರೆ ಹೆಸರು ದೊರೆಯುವವರಲ್ಲಿ ಬಹುಮಂದಿ 1541ರಿಂದೀಚಿನವರು. ಕಡೆಯ ಶಿಕ್ಷೆ ನಡೆದುದು 1650ರ ಏಪ್ರಿಲ್ 30ರಂದು, ಅಂದರೆ ಚಾರ್ಲ್ಸ್ ದೊರೆಯ ಶಿರಚ್ಛೇದವಾದ ಮರುವರ್ಷ. ನಮಗೆ ಒಗ್ಗದುದನ್ನೆಲ್ಲ ಮಧ್ಯಯುಗದ ತಲೆಗೆ ಕಟ್ಟುವ ಅಭ್ಯಾಸ ಉತ್ತರಪತ್ರಿಕೆಗಳಲ್ಲಿಯೂ ಕಾಣುತ್ತದೆ.

ಇದಕ್ಕಿಂತ ದೊಡ್ಡ ಲೋಪವೆಂದರೆ ಹಗ್ಗದ್ದು. ಮೂಲದಲ್ಲಿ ದಿಮ್ಮಿಯನ್ನು ಮೇಲೆ ತಡೆದಿಡುತ್ತಿದ್ದುದು ಒಂದು ಗೂಟ. ಆ ಗೂಟಕ್ಕೆ ಹಗ್ಗ. ಎಲಿಜಬೆತ್ ರಾಣಿಯ ಕಾಲದ ವಿಲಿಯಂ ಹ್ಯಾರಿಸನ್ ಹೇಳುವ ಪ್ರಕಾರ, ನೆರೆದವರೆಲ್ಲರೂ ಆ ಹಗ್ಗವನ್ನು ಹಿಡಿಯುತ್ತಿದ್ದರು. ಕೈಗೆ ಎಟುಕದವರು ನ್ಯಾಯಕ್ಕೆ ತಮ್ಮ ಸಮ್ಮತಿಯುಂಟೆಂದು ತೋರಿಸಲು ತೋಳನ್ನಾದರೂ ಚಾಚುತ್ತಿದ್ದರು. ಕಳುವಾದುದು ಕುದುರೆಯೋ ಎತ್ತೋ ಆಗಿದ್ದರೆ ಹಗ್ಗವನ್ನು ಆ ಪ್ರಾಣಿಗೇ ಕಟ್ಟಿ ಓಡಿಸುತ್ತಿದ್ದರು. ಕೊಂದವನು ಯಾರೆಂದು ಕೇಳಿದರೆ ಒಬ್ಬನನ್ನೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ನಮ್ಮ ಪ್ರತಿಕೃತಿಯಲ್ಲಿ ಹಗ್ಗ ತೊಡರುತ್ತದೆಂದು ಅದನ್ನು ಕೈಬಿಟ್ಟು ಒಂದು ಕಬ್ಬಿಣದ ಚಿಲಕವನ್ನು ಇಡಲಾಗಿತ್ತು. ಚಿಲಕವನ್ನು ಎಳೆಯಲು ಒಬ್ಬನ ಒಂದು ಬೆರಳು ಸಾಕು. ಹೀಗೆ ಊರಿಗೆ ಊರೇ ಕೈಹಾಕುತ್ತಿದ್ದ ಕಾರ್ಯ ಒಬ್ಬ ಕೊಲೆಗಾರನ ಉದ್ಯೋಗದಂತೆ ಕಂಡಿತು.

ಊರು ಕೈಹಾಕಿದುದೇಕೆ? ಹ್ಯಾಲಿಫ್ಯಾಕ್ಸ್ ಉಣ್ಣೆಬಟ್ಟೆಯ ಪಟ್ಟಣ. ನೆಯ್ದು ತೊಳೆದ ಬಟ್ಟೆಯನ್ನು ಬಯಲಿನ ಚೌಕಟ್ಟುಗಳ ಮೇಲೆ ಬಿಗಿದು ಒಣಗಿಸಬೇಕು. ರಾತ್ರಿ ಅದನ್ನು ಕಾಯುವವರು ಯಾರು? ಕದ್ದ ಮಾಲು ಆರೋಪಿಯ ಬಳಿ ಸಿಕ್ಕಿತೆ, ಅದರ ಬೆಲೆ 13½ ಪೆನ್ನಿಗೆ ಕಡಿಮೆಯಿಲ್ಲವೆ, ಈ ಎರಡನ್ನು ಮಾತ್ರ ನಾಲ್ಕು ಗ್ರಾಮಗಳಿಂದ ಬಂದ 16 ಮಂದಿ ಪಂಚರು ನಿರ್ಣಯಿಸುತ್ತಿದ್ದರು. ಪ್ರಮಾಣವಚನವಿಲ್ಲ, ವಕೀಲನಿಲ್ಲ. 1650ರಲ್ಲಿ ತಲೆಗೊಟ್ಟ ಇಬ್ಬರಲ್ಲಿ ಒಬ್ಬನಾದ ವಿಲ್ಕಿನ್‌ಸನ್ನನ ಮೇಲಿದ್ದ ಆರೋಪಗಳಲ್ಲಿ 16 ಗಜ ಬಟ್ಟೆಯ ಕಳವೂ ಒಂದು. ಆ ಬಟ್ಟೆಯಿಲ್ಲದೆ ಆ ಅಲಗಿಗೆ ಅರ್ಥವಿಲ್ಲ. ನಮ್ಮ ಪ್ರದರ್ಶನದಲ್ಲಿ ಒಂದು ಗೇಣು ಬಟ್ಟೆಯೂ ಇರಲಿಲ್ಲ. ಹ್ಯಾಲಿಫ್ಯಾಕ್ಸಿನವರು ತಮ್ಮ ಪ್ರತಿಕೃತಿಯ ಸಮೀಪದಲ್ಲಿ ಸತ್ತವರಲ್ಲಿ 52 ಮಂದಿಯ ಹೆಸರುಗಳನ್ನು ಬರೆಸಿದ್ದಾರೆ. ಅಷ್ಟನ್ನಾದರೂ ನಾವು ಮಾಡಬಹುದಿತ್ತು.

ಮುಂದಿನ ವರ್ಷ ಚಿಲಕವನ್ನು ಕಿತ್ತು ಗೂಟವನ್ನೂ ಹಗ್ಗವನ್ನೂ ಜೋಡಿಸಬೇಕೆಂದೂ, ಪಕ್ಕದಲ್ಲಿ ಬಟ್ಟೆ ಒಣಗಿಸುವ ಚೌಕಟ್ಟೊಂದನ್ನು ನಿಲ್ಲಿಸಬೇಕೆಂದೂ ವಿದ್ಯಾರ್ಥಿಗಳಿಗೆ ತಿಳಿಸಿದ್ದೇವೆ. ಹಗ್ಗ ಎಷ್ಟು ಮಂದಿಯ ಕೈಗೆ ಎಟುಕುವಷ್ಟು ಉದ್ದವಿರಬೇಕೆಂದು ಬಡಗಿಗಳು ಕೇಳಿಕಳುಹಿಸಿದ್ದಾರೆ.